ರಾತ್ರಿ ಎಂಟಕ್ಕೆ ಬರುವ ತಿದ್ದುಪಡಿ: ಏಜೆನ್ಸಿಯಲ್ಲಿ ನಲುಗುತ್ತಿರುವ ಬರಹಗಾರರಿಗೆ, ಡಿಸೈನರ್‌ಗಳಿಗೆ

ಬೆಂಗಳೂರಿನ ಜಾಹೀರಾತು ಏಜೆನ್ಸಿಗಳಿಗೆ ಕನ್ನಡ ಕಾಪಿರೈಟರ್ ಆಗಿಯೋ ಡಿಸೈನರ್ ಆಗಿಯೋ ಸೇರುವವರಲ್ಲಿ ಹೆಚ್ಚಿನವರು ಆ ಕೆಲಸವನ್ನು ಇಷ್ಟಪಟ್ಟೇ ಸೇರುತ್ತಾರೆ. ಕಾಲೇಜಿನಲ್ಲಿ ಕವಿತೆ ಬರೆದವರು, ಭಿತ್ತಿಪತ್ರಿಕೆಗೆ ಚಿತ್ರ ಬಿಡಿಸಿದವರು, ಹವ್ಯಾಸಿ ನಾಟಕ ತಂಡಕ್ಕೆ ಪೋಸ್ಟರ್ ಮಾಡಿಕೊಟ್ಟವರು ಅವರು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಅವರಲ್ಲಿ ಹಲವರು ಒಂದೇ ಮಾತು ಹೇಳತೊಡಗುತ್ತಾರೆ: ನನಗಿನ್ನು ಏನೂ ಹೊಳೆಯುತ್ತಿಲ್ಲ. ತಮ್ಮ ಪ್ರತಿಭೆಯೇ ಬತ್ತಿತೆಂದು ನಂಬಿಬಿಟ್ಟಿರುತ್ತಾರೆ. ಈ ಕೆಲಸವನ್ನು ಒಳಗಿನಿಂದ ನೋಡಿದ ನನಗೆ ಆ ನಂಬಿಕೆ ಬಹುಪಾಲು ತಪ್ಪೆನಿಸುತ್ತದೆ. ಕೆಲಸ ಹೇಳುವ, ಒಪ್ಪುವ, ತಿದ್ದಿಸುವ ಏರ್ಪಾಡು ಕೆಟ್ಟಿರುತ್ತದೆ. ಅದರ ಪೆಟ್ಟು ತಿಂದವರು ತಮ್ಮಲ್ಲೇ ಕೊರತೆ ಹುಡುಕುತ್ತಾರೆ. ಏರ್ಪಾಡು ಹೇಗೆ ನಡೆಯುತ್ತದೆಂದು ಗೊತ್ತಾದರೆ ಯಾವುದನ್ನು ಸರಿಪಡಿಸಬಹುದು, ಯಾವುದಕ್ಕೆ ತಲೆ ಕೊಡಬಾರದು, ಯಾವಾಗ ಹೊರಡಬೇಕು ಎಂಬುದೂ ಗೊತ್ತಾಗುತ್ತದೆ.

ಕೆಲಸ ಬರುವ ದಾರಿಯಿಂದ ಶುರು ಮಾಡೋಣ. ಕ್ಲೈಂಟ್ ಕಂಪನಿಯ ಬ್ರ್ಯಾಂಡ್ ಮ್ಯಾನೇಜರ್ ತಮಗೆ ಬೇಕಾದುದನ್ನು ಏಜೆನ್ಸಿಯ ಸರ್ವೀಸಿಂಗ್ ವಿಭಾಗಕ್ಕೆ ಹೇಳುತ್ತಾರೆ. ಸರ್ವೀಸಿಂಗ್‌ನವರು ಅದನ್ನು ಬ್ರೀಫ್ ಮಾಡಿ ಕ್ರಿಯೇಟಿವ್ ಡೈರೆಕ್ಟರ್‌ಗೆ ಕೊಡುತ್ತಾರೆ. ಅಲ್ಲಿಂದ ಅದು ಬರೆಯುವವರ, ಬಿಡಿಸುವವರ ಮೇಜಿಗೆ ಬರುತ್ತದೆ. ಮಾಡಿದ ಕೆಲಸ ಇದೇ ದಾರಿಯಲ್ಲಿ ಹಿಂದಕ್ಕೆ ಹೋಗಬೇಕು. ಪ್ರತಿ ಸಲ ಕೈ ಬದಲಾದಾಗಲೂ ಕಾರಣಗಳು ಉದುರಿ ಬರೀ ಆದೇಶ ಉಳಿಯುತ್ತದೆ. "ಹಳ್ಳಿಯ ಅಂಗಡಿಗಳಲ್ಲಿ ಈ ಸೋಪಿನ ಬೆಲೆ ಜನರಿಗೆ ಗೊತ್ತಾಗುತ್ತಿಲ್ಲ" ಎಂದು ಕ್ಲೈಂಟ್ ಹೇಳಿದ್ದು ನಿಮ್ಮ ತನಕ ಬರುವಾಗ "ಬೆಲೆ ದೊಡ್ಡದು ಮಾಡಿ" ಎಂದಾಗಿರುತ್ತದೆ. ಕಾರಣ ತಿಳಿದಿದ್ದರೆ ನೀವು ಬೇರೆಯೇ ಒಳ್ಳೆಯ ಉಪಾಯ ಹುಡುಕುತ್ತಿದ್ದಿರಿ. ತಿಳಿಯದಿದ್ದಾಗ ಅಕ್ಷರ ದೊಡ್ಡದು ಮಾಡಿ ಕಳಿಸಿ, ಮರುದಿನ ಅದನ್ನೇ ಚಿಕ್ಕದು ಮಾಡಬೇಕಾಗುತ್ತದೆ.

ತಿದ್ದುಪಡಿ ರಾತ್ರಿಯೇ ಏಕೆ ಬರುತ್ತದೆ ಎಂಬುದಕ್ಕೂ ಸರಳ ಕಾರಣವಿದೆ. ಕ್ಲೈಂಟ್ ಕಡೆಯವರು ದಿನವಿಡೀ ಮೀಟಿಂಗುಗಳಲ್ಲಿರುತ್ತಾರೆ. ಏಜೆನ್ಸಿ ಕಳಿಸಿದ್ದನ್ನು ತೆರೆದು ನೋಡುವುದು ಸಂಜೆ. ಸರ್ವೀಸಿಂಗ್‌ನವರು ಬಂದದ್ದನ್ನು ಬಂದ ಹಾಗೆಯೇ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದರ ಹಿಂದೆ ಹಣದ ಲೆಕ್ಕವೂ ಇದೆ. ಬಹಳಷ್ಟು ಏಜೆನ್ಸಿಗಳು ರಿಟೈನರ್ ಮೇಲೆ, ಅಂದರೆ ತಿಂಗಳಿಗಿಷ್ಟು ಎಂಬ ನಿಗದಿತ ಮೊತ್ತಕ್ಕೆ ಕೆಲಸ ಮಾಡುತ್ತವೆ. ಒಂಬತ್ತನೇ ಸಲ ತಿದ್ದಿಸಿದರೂ ಕ್ಲೈಂಟ್‌ಗೆ ಒಂದು ರೂಪಾಯಿ ಹೆಚ್ಚಿಗೆ ಬೀಳುವುದಿಲ್ಲ. ಏಜೆನ್ಸಿಯ ಲೆಕ್ಕದ ಪುಸ್ತಕದಲ್ಲೂ ಆ ಖರ್ಚು ಎಲ್ಲೂ ಕಾಣುವುದಿಲ್ಲ, ಏಕೆಂದರೆ ಅದು ನಿಮ್ಮ ನಿದ್ದೆಯಿಂದ ಹೋಗಿರುತ್ತದೆ. ಹೊಸ ಕ್ಲೈಂಟ್ ಹಿಡಿಯಲು ಮಾಡುವ ಪಿಚ್ ಕೆಲಸಕ್ಕಂತೂ ಎಷ್ಟೋ ಬಾರಿ ಏನೂ ಹುಟ್ಟುವುದಿಲ್ಲ. ಇರುವ ಕೆಲಸದ ಜೊತೆಗೇ ಅದನ್ನೂ ಎಳೆಯಬೇಕು. ಇನ್ನು ಮೇಲಿರುವವರು: ಚೆನ್ನಾಗಿ ಡಿಸೈನ್ ಮಾಡುತ್ತಿದ್ದರೆಂದು ಬಡ್ತಿ ಪಡೆದು ತಂಡ ನಡೆಸಲು ಬಂದವರು. ಹತ್ತು ಜನರ ಕೆಲಸ ಹಂಚುವುದನ್ನು, ಕ್ಲೈಂಟ್‌ಗೆ "ಇವತ್ತು ಆಗುವುದಿಲ್ಲ" ಎನ್ನುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಕ್ಲೈಂಟ್ ಕೈತಪ್ಪೀತೆಂಬ ಭಯ ಅವರನ್ನೂ ಅರೆಯುತ್ತಿರುತ್ತದೆ. ಇದು ಅವರ ತಪ್ಪನ್ನು ಮನ್ನಿಸಲು ಹೇಳುವ ಮಾತಲ್ಲ. ಎಲ್ಲಿ ಒತ್ತಿದರೆ ಏನಾದರೂ ಸಡಿಲವಾದೀತು ಎಂದು ತಿಳಿಯಲು ಇದು ಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ, ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು. ಜಾಹೀರಾತಿನ ಸಾಲು ಮೊದಲು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹುಟ್ಟಿ, ಒಪ್ಪಿಗೆಯಾಗಿ, ಕೊನೆಗೆ ಕನ್ನಡಕ್ಕೆ ಬರುತ್ತದೆ. ಕೊಟ್ಟಿರುವ ಸಮಯ ಅರ್ಧ ದಿನ. ಕನ್ನಡದ ಸಾಲನ್ನು ಒಪ್ಪಬೇಕಾದವರಿಗೆ ಕನ್ನಡ ಓದಲು ಬಾರದು. ಹಾಗಾಗಿ ನಿಮ್ಮ ಸಾಲನ್ನು ಮತ್ತೆ ಇಂಗ್ಲಿಷಿಗೆ ಪದಪದವಾಗಿ ತಿರುಗಿಸಿ ನೋಡುತ್ತಾರೆ. ಮೂಲಕ್ಕೆ ಹೊಂದದಿದ್ದರೆ ತಿರಸ್ಕಾರ. ಈ ಪರೀಕ್ಷೆಯಲ್ಲಿ ಸಪ್ಪೆ ಸಾಲು ಪಾಸಾಗುತ್ತದೆ, ಬಾಯಲ್ಲಿ ನಿಲ್ಲುವ ಸಾಲು ಫೇಲಾಗುತ್ತದೆ. ಬೀದಿಯ ಹೋರ್ಡಿಂಗುಗಳಲ್ಲಿ ನಾವು ಓದಿ ಮುಖ ಸಿಂಡರಿಸುವ ಕನ್ನಡ ಹುಟ್ಟುವ ಒಂದು ದಾರಿ ಇದು. ಆ ಸಾಲಿನ ಹಿಂದೆ ಕನ್ನಡ ಬಲ್ಲ ಒಬ್ಬರು ಇದ್ದಿರಬಹುದು, ಅವರು ಬರೆದದ್ದು ಬೇರೆಯೇ ಆಗಿದ್ದಿರಬಹುದು.

ಇಲ್ಲಿ ಕೆಲಸಕ್ಕೆ ಬರುವ ಕೆಲವು ಉಪಾಯಗಳಿವೆ. ಒಂದೇ ಸಾಲು ಕಳಿಸಬೇಡಿ, ಮೂರು ಕಳಿಸಿ. ಒಂದು ಮೂಲಕ್ಕೆ ಹತ್ತಿರದ್ದು, ಒಂದು ನಿಮಗೆ ಸರಿ ಅನಿಸಿದ್ದು, ಒಂದು ನಡುವಿನದು. ಪ್ರತಿಯೊಂದರ ಕೆಳಗೆ ಒಪ್ಪುವವರ ಭಾಷೆಯಲ್ಲಿ ಎರಡು ವಾಕ್ಯ ಬರೆಯಿರಿ: ಕೇಳಿದವರಿಗೆ ಏನನಿಸುತ್ತದೆ, ಯಾವ ಊರಿನ, ಯಾವ ವಯಸ್ಸಿನ ಜನ ಹೀಗೆ ಮಾತಾಡುತ್ತಾರೆ. ಪದಾನುವಾದ ಕೊಡಬೇಡಿ, ಭಾವ ಹೇಳಿ. ರೇಡಿಯೊ ಅಥವಾ ವಿಡಿಯೊ ಆದರೆ ನೀವೇ ಓದಿ ಧ್ವನಿಮುದ್ರಿಸಿ ಕಳಿಸಿ. ಲಿಪಿ ಬಾರದವರಿಗೂ ಲಯ ಕೇಳಿಸುತ್ತದೆ. ಎಲ್ಲಕ್ಕಿಂತ ಗಟ್ಟಿಯಾದ ದಾರಿ, ಕ್ಲೈಂಟ್ ಕಡೆಯಲ್ಲೇ ಕನ್ನಡ ಬಲ್ಲ ಒಬ್ಬರನ್ನು ಹುಡುಕುವುದು. ಹುಬ್ಬಳ್ಳಿಯ ವಿತರಕರೋ ದಾವಣಗೆರೆಯ ಸೇಲ್ಸ್ ಆಫೀಸರೋ ಇದ್ದೇ ಇರುತ್ತಾರೆ. "ಕನ್ನಡದ ಒಪ್ಪಿಗೆ ಅವರಿಂದ ಬರಲಿ" ಎಂದು ಸರ್ವೀಸಿಂಗ್ ಮೂಲಕ ಕೇಳಿಸಿ. ಮಾರುವವರ ಮಾತಿಗೆ ಬ್ರ್ಯಾಂಡ್ ಮ್ಯಾನೇಜರ್ ಕಿವಿಗೊಡುತ್ತಾರೆ.

ಡಿಸೈನರ್‌ಗಳಿಗೆ ಇದೇ ಕಾಟ ಫಾಂಟಿನ ರೂಪದಲ್ಲಿ ಬರುತ್ತದೆ. ನುಡಿಯಂಥ ಹಳೆಯ ಎನ್‌ಕೋಡಿಂಗಿನ ಪಠ್ಯವನ್ನು ಯುನಿಕೋಡಿಗೆ ತರುವಾಗ ಅಕ್ಷರಗಳು ಹಾಳಾಗುತ್ತವೆ. ಫೋಟೊಶಾಪ್, ಇಲಸ್ಟ್ರೇಟರ್‌ಗಳಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿರುತ್ತದೆ. ಓದಲು ಬಾರದವರ ಕಣ್ಣಿಗೆ ಎರಡೂ ಒಂದೇ. ಮುದ್ರಣಕ್ಕೆ ಹೋದ ಮೇಲೆ ಬೈಗುಳ ಮಾತ್ರ ನಿಮಗೆ. ಅಂತಿಮ ಆರ್ಟ್‌ವರ್ಕ್‌ನಲ್ಲಿ ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ ಪಿಡಿಎಫ್ ಮಾಡಿ. ಅದನ್ನೇ ಇಮೇಲ್‌ನಲ್ಲಿ ಕಳಿಸಿ "ಈ ಪ್ರತಿಯನ್ನು ಒಪ್ಪಿದ್ದೇವೆ" ಎಂಬ ಉತ್ತರ ಬರುವ ತನಕ ಪ್ರೆಸ್ಸಿಗೆ ಬಿಡಬೇಡಿ. ನಂತರ ಯಾರೋ ಅವಸರದಲ್ಲಿ ಫೈಲ್ ತೆರೆದು ಕೆಡಿಸಿದರೆ ನಿಮ್ಮ ಪ್ರತಿ ಸಾಕ್ಷಿಯಾಗಿರುತ್ತದೆ.

ಬ್ರೀಫ್ ಬರಹದಲ್ಲಿ ಬರದಿದ್ದರೆ ಅದನ್ನು ನೀವೇ ಬರೆಯಬೇಕು. ಮೀಟಿಂಗ್ ಮುಗಿದ ಅರ್ಧ ಗಂಟೆಯಲ್ಲಿ ಒಂದು ಚಿಕ್ಕ ಮೇಲ್ ಸಾಕು: "ಸರ್, ಇವತ್ತು ನನಗೆ ಅರ್ಥವಾದದ್ದು ಹೀಗೆ. ಇದು ಮೊದಲ ಸಲ ಸ್ಕೂಟರ್ ಕೊಳ್ಳುವ ಹೆಣ್ಣುಮಕ್ಕಳಿಗೆ. ಹೇಳಬೇಕಾದ ಒಂದೇ ವಿಷಯ ತೂಕ ಕಡಿಮೆ ಎಂಬುದು. ಗುರುವಾರ ಮಧ್ಯಾಹ್ನಕ್ಕೆ ಎರಡು ಆಯ್ಕೆ ಕೊಡುತ್ತೇನೆ. ಬದಲಾವಣೆ ಇದ್ದರೆ ಇವತ್ತೇ ತಿಳಿಸಿ." ಇದರಲ್ಲಿ ಜಗಳವಿಲ್ಲ, ದೂರಿಲ್ಲ. ಆದರೆ ಗುರುವಾರ ಬಂದು "ನಾನು ಹೇಳಿದ್ದು ಮೈಲೇಜ್ ಬಗ್ಗೆ" ಎನ್ನುವುದು ಕಷ್ಟವಾಗುತ್ತದೆ. "ಏನೋ ಮಿಸ್ ಹೊಡೀತಿದೆ", "ಇನ್ನೂ ಪಂಚ್ ಬೇಕು" ಎಂಬಂಥ ಅಭಿಪ್ರಾಯ ಬಂದರೆ ಕೂಡಲೇ ಕಂಪ್ಯೂಟರ್ ಮುಂದೆ ಕೂರಬೇಡಿ. ಯಾವ ಭಾಗದಲ್ಲಿ, ಯಾರು ನೋಡಿದಾಗ, ಏನು ತಿಳಿಯಲಿಲ್ಲ ಎಂದು ಕೇಳಿ. ಮೂರು ಜನ ಮೂರು ಥರ ಹೇಳಿದ್ದರೆ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು, ಒಂದಕ್ಕೊಂದು ಎಲ್ಲಿ ಹೊಂದುವುದಿಲ್ಲ ಎಂದು ತೋರಿಸಿ, ಒಬ್ಬರ ಹೆಸರಿನಲ್ಲಿ ತೀರ್ಮಾನ ಕೇಳಿ.

ಮೇಲಿನವರ ಜೊತೆ ನೇರ ಮಾತಾಡುವುದಾದರೆ ಗುಂಪಿನೆದುರು ಬೇಡ, ಕೋಪದಲ್ಲಿ ಬೇಡ, ಎಲ್ಲ ದೂರುಗಳನ್ನೂ ಒಮ್ಮೆಲೇ ಸುರಿಯುವುದು ಬೇಡ. ಒಂದೇ ವಿಷಯ ಹಿಡಿದು ಹೋಗಿ. "ಮೇಡಂ, ಎರಡೂ ಇವತ್ತೇ ಬೇಕು ಅಂದ್ರೆ ಎರಡೂ ಅರೆಬರೆ ಆಗುತ್ತೆ. ಯಾವುದು ಮೊದಲು ಬೇಕು ಹೇಳಿ, ಇನ್ನೊಂದು ನಾಳೆ ಹನ್ನೊಂದಕ್ಕೆ ಕೊಡ್ತೀನಿ." ಆಯ್ಕೆ ಅವರದು, ಸಮಯದ ಮಿತಿ ನಿಮ್ಮದು. ಗೊಂದಲದ ಬಾಸ್ ಆಗಿದ್ದರೆ ಇದರಿಂದ ಅವರಿಗೂ ಹಗುರವಾಗುತ್ತದೆ. ಕೆಲವೇ ವಾರಗಳಲ್ಲಿ ವ್ಯತ್ಯಾಸ ಕಾಣಬೇಕು. ಅವಮಾನಿಸುವುದನ್ನೇ ಆಡಳಿತ ಎಂದುಕೊಂಡವರ ಮುಂದೆ ಈ ಮಾತು ನಡೆಯುವುದಿಲ್ಲ. ಅಂಥವರನ್ನು ಬದಲಿಸುವ ಹೊಣೆ ನಿಮ್ಮದಲ್ಲ. ಅಲ್ಲಿ ಮಾಡಬೇಕಾದದ್ದು ದಿನಾಂಕ, ಆಡಿದ ಮಾತು, ಎದುರಿದ್ದವರು ಯಾರು ಎಂಬುದನ್ನು ನಿಮ್ಮ ಸ್ವಂತ ಪುಸ್ತಕದಲ್ಲಿ ಬರೆದಿಡುವುದು. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬೇಡ. ನಡವಳಿಕೆ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳವಾಗಿದ್ದರೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಚಿಕ್ಕ ಸ್ಟುಡಿಯೊಗಳವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳ ಒಳಗೆ ಆಗಬೇಕು.

ಕೆಲಸದ ವೇಳೆಯ ಬಗ್ಗೆ ಕಾನೂನು ಏನನ್ನುತ್ತದೆ ಎಂದು ಏಜೆನ್ಸಿಗಳಲ್ಲಿ ಮಾತೇ ಬರುವುದಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಅದನ್ನು ಮೀರಿದ ಕೆಲಸಕ್ಕೆ ದುಪ್ಪಟ್ಟು ವೇತನ. ಆಡಳಿತದ ಹುದ್ದೆಯಲ್ಲಿರುವವರು ಇದರ ವ್ಯಾಪ್ತಿಗೆ ಬರುವುದಿಲ್ಲ. ಇಪ್ಪತ್ನಾಲ್ಕು ವರ್ಷದವರಿಗೂ "ಮ್ಯಾನೇಜರ್" ಎಂಬ ಬಾಲವಿರುವ ಹುದ್ದೆ ಕೊಡುವ ಕಡೆ ನೇಮಕಾತಿ ಪತ್ರದಲ್ಲಿ ನಿಮ್ಮ ನಿಜವಾದ ಕೆಲಸ ಏನೆಂದು ಬರೆದಿದ್ದಾರೆ ಎಂದು ನೋಡಿಕೊಳ್ಳಿ.

ಮಾಡಿದ ಕೆಲಸ ಯಾರದು? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಎಷ್ಟೋ ಜನ ಒಳಗೇ ಕುದಿಯುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆಯರು ಉದ್ಯೋಗದಾತರು, ಬೇರೆ ಒಪ್ಪಂದ ಇಲ್ಲದಿದ್ದರೆ. ಕ್ಲೈಂಟ್ ತಿರಸ್ಕರಿಸಿದ ನಿಮ್ಮ ಅಚ್ಚುಮೆಚ್ಚಿನ ಸಾಲೂ ಕಂಪನಿಯದೇ. ಮನೆಯಲ್ಲಿ, ನಿಮ್ಮ ಸ್ವಂತ ಸಮಯದಲ್ಲಿ, ಉದ್ಯೋಗಕ್ಕೆ ಸಂಬಂಧವಿಲ್ಲದೆ ಬರೆದ ಕಥೆ, ಬಿಡಿಸಿದ ಚಿತ್ರ ನಿಮ್ಮದು. ಆದರೆ "ಉದ್ಯೋಗದ ಅವಧಿಯಲ್ಲಿ ಸೃಷ್ಟಿಸಿದ ಎಲ್ಲವೂ ಕಂಪನಿಗೆ ಸೇರಿದ್ದು" ಎಂಬ ಷರತ್ತು ಕೆಲವು ಪತ್ರಗಳಲ್ಲಿರುತ್ತದೆ. ಸಹಿ ಹಾಕುವ ಮೊದಲೇ "ಕೆಲಸಕ್ಕೆ ಸಂಬಂಧಿಸಿದ" ಎಂದು ಸೇರಿಸಲು ಕೇಳಿ. ಸ್ವಂತ ಬರಹವನ್ನು ಕಂಪನಿಯ ಯಂತ್ರದಲ್ಲಿ ಇಡಬೇಡಿ.

ಒಡೆತನ ಹೋದರೂ ಹೋಗದ ಒಂದು ಹಕ್ಕಿದೆ. ಅದೇ ಕಾಯ್ದೆಯ 57ನೇ ಸೆಕ್ಷನ್ ಕೃತಿಕಾರರಿಗೆ ತಾವೇ ಮಾಡಿದ್ದೆಂದು ಹೇಳಿಕೊಳ್ಳುವ, ಹೆಸರಿಗೆ ಕುಂದು ತರುವಂತೆ ಕೃತಿಯನ್ನು ವಿಕಾರಗೊಳಿಸಿದರೆ ಪ್ರಶ್ನಿಸುವ ಅಧಿಕಾರ ಕೊಡುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕಾಗಿ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಸರ್ಕಾರ ಕಳಚಿ ಗೋದಾಮಿಗೆ ಹಾಕಿತು. ಶಿಲ್ಪ ಸರ್ಕಾರದ ಸ್ವತ್ತು. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಅದರ ಅವಶೇಷಗಳನ್ನು ಶಿಲ್ಪಿಗೆ ಹಿಂದಿರುಗಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಸೋಪಿನ ಪೋಸ್ಟರಿಗಾಗಿ ಕೋರ್ಟಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಕೆಲಸ ಬಿಡುವಾಗ "ಬಿಡುಗಡೆಯಾದ ಈ ಜಾಹೀರಾತುಗಳನ್ನು ನನ್ನ ಪೋರ್ಟ್‌ಫೋಲಿಯೊದಲ್ಲಿ ನನ್ನ ಪಾತ್ರ ನಮೂದಿಸಿ ತೋರಿಸುತ್ತೇನೆ" ಎಂದು ಬರಹದಲ್ಲಿ ಒಪ್ಪಿಗೆ ಕೇಳುವಾಗ ನಿಮ್ಮ ಬೆನ್ನಿಗೆ ಈ ಕಾನೂನಿದೆ ಎಂಬುದು ಗೊತ್ತಿರಲಿ. ಬಿಡುಗಡೆಯಾಗದ ಕೆಲಸ, ಕ್ಲೈಂಟ್ ಮಾಹಿತಿ ತೋರಿಸುವಂತಿಲ್ಲ.

"ಬಿಟ್ಟ ಮೇಲೆ ಎರಡು ವರ್ಷ ಬೇರೆ ಏಜೆನ್ಸಿ ಸೇರುವಂತಿಲ್ಲ" ಎಂಬ ಷರತ್ತಿಗೆ ಹೆದರಿ ಕೂತವರನ್ನು ನಾನು ಬಲ್ಲೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಕೆಳಗೆ ಉದ್ಯೋಗ ಮುಗಿದ ಮೇಲಿನ ಇಂಥ ನಿರ್ಬಂಧ ನಿಲ್ಲುವುದಿಲ್ಲ. ಗೋಪ್ಯತೆಯ ಷರತ್ತು ಬೇರೆ, ಅದು ನಿಲ್ಲುತ್ತದೆ. ಇಷ್ಟು ಕಾಲ ಸೇವೆ ಮಾಡದಿದ್ದರೆ ಇಷ್ಟು ಹಣ ಕಟ್ಟಬೇಕೆಂಬ ಬಾಂಡ್ ಕೂಡ ಬೇರೆ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷದ ಸೇವೆ ಇಲ್ಲವೇ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದ್ದರಿಂದ ಬಾಂಡ್ ಇದ್ದರೆ ವಕೀಲರಿಗೆ ತೋರಿಸಿ ಹೆಜ್ಜೆ ಇಡಿ.

ಇನ್ನು ದೇಹ, ಮನಸ್ಸು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಸೇರಿಸಿದೆ. ಅದನ್ನು ರೋಗವೆಂದು ಕರೆದಿಲ್ಲ. ಕೆಲಸದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಅದು ಬರುತ್ತದೆ. ಅದರ ಗುರುತು ಮೂರು: ಶಕ್ತಿ ಬಸಿದುಹೋದ ಸುಸ್ತು, ಕೆಲಸದ ಬಗ್ಗೆ ದೂರ ಅಥವಾ ತಿರಸ್ಕಾರ, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ. ಮೊದಲು ಹೇಳಿದ "ಏನೂ ಹೊಳೆಯುತ್ತಿಲ್ಲ" ಈ ಮೂರನೆಯದೇ ಇರಬಹುದು. ವಾರದ ರಜೆಯ ನಂತರ ಸೋಮವಾರ ಚೇತರಿಕೆ ಕಾಣುತ್ತಿದ್ದರೆ ಅದು ದಣಿವು. ರಜೆಯಲ್ಲೂ ನಿದ್ದೆ ಬಾರದೆ, ಇಷ್ಟದ ಪುಸ್ತಕವೂ ರುಚಿಸದೆ, ಬದುಕೇ ಬೇಡವೆನಿಸುವ ಆಲೋಚನೆ ಸುಳಿಯುತ್ತಿದ್ದರೆ ಬಾಸ್ ಬದಲಾಗಲಿ ಎಂದು ಕಾಯುವ ಹೊತ್ತಲ್ಲ ಅದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆ ರಾಷ್ಟ್ರೀಯ ವ್ಯವಸ್ಥೆಯ ಮುಖ್ಯ ಕೇಂದ್ರ.

ಸಂಬಳದ ಕೆಲಸದ ಹೊರಗೆ ಸ್ವಂತದ್ದೊಂದು ಇರಲಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಯಶವಂತ ಚಿತ್ತಾಲರು ಮುಂಬೈಯ ಬೇಕಲೈಟ್ ಹೈಲಂ ಕಂಪನಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞರಾಗಿದ್ದುಕೊಂಡೇ ಕಥೆ, ಕಾದಂಬರಿ ಬರೆದರು. 1979ರಲ್ಲಿ ಬಂದ ಅವರ 'ಶಿಕಾರಿ' ಕಂಪನಿಯೊಂದರ ಒಳಸಂಚಿನಲ್ಲಿ ಸಿಕ್ಕಿ ಅಮಾನತಾದ ನಾಗಪ್ಪನ ಕಥೆ. ಕಾರ್ಪೊರೇಟ್ ಕಚೇರಿ ಮನುಷ್ಯನನ್ನು ಹೇಗೆ ತನ್ನ ಮೇಲೆಯೇ ಅನುಮಾನ ಪಡುವಂತೆ ಮಾಡುತ್ತದೆಂದು ಕನ್ನಡದಲ್ಲಿ ಅಷ್ಟು ಆಳವಾಗಿ ತೋರಿಸಿದ ಇನ್ನೊಂದು ಕೃತಿ ನನಗೆ ಗೊತ್ತಿಲ್ಲ. ಕೆಟ್ಟ ಬಾಸ್ ಕೆಳಗಿರುವವರು ಅದನ್ನು ಓದಬೇಕು. ಆದರೆ ರಾತ್ರಿ ಹತ್ತಕ್ಕೆ ಮನೆ ಸೇರುವವರಿಗೆ ಕಾದಂಬರಿ ಬರೆಯಿರಿ ಎನ್ನುವುದು ಕ್ರೂರವಾದೀತು. ಬೆಳಿಗ್ಗೆ ಹತ್ತು ನಿಮಿಷ, ಯಾರ ಒಪ್ಪಿಗೆಯೂ ಬೇಕಿಲ್ಲದ ನಾಲ್ಕು ಸಾಲು ಅಥವಾ ಒಂದು ರೇಖಾಚಿತ್ರ. ಅದನ್ನು ಯಾರಿಗೂ ತೋರಿಸಬೇಡಿ, ಎಲ್ಲೂ ಹಾಕಬೇಡಿ. ಬೇರೆಯವರ ತಿದ್ದುಪಡಿ ತಾಗದ ಒಂದು ಜಾಗ ಇದ್ದರೆ ನಿಮ್ಮ ಕೈ ಇನ್ನೂ ಚೆನ್ನಾಗಿದೆ ಎಂಬುದು ನಿಮಗೇ ಕಾಣುತ್ತದೆ.

ಹೊರಡುವುದೇ ಸರಿ ಎನಿಸಿದರೆ ಹೊರಡಿ. ಮಾಸ್ತಿಯವರು ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಕೊಟ್ಟದ್ದನ್ನು ಒಪ್ಪದೆ 1943ರಲ್ಲಿ ಮೈಸೂರು ಸರ್ಕಾರದ ಸೇವೆಯಿಂದ ಹೊರಬಂದರು. ಆಗ ಅವರಿಗೆ ಐವತ್ತು ದಾಟಿತ್ತು. ಮುಂದೆ 'ಜೀವನ' ಪತ್ರಿಕೆ ನಡೆಸಿದರು, 'ಚಿಕವೀರ ರಾಜೇಂದ್ರ' ಬಂದದ್ದೂ ಆಮೇಲೆಯೇ. ಈಗಿನ ಬಾಡಿಗೆ, ಇಎಂಐಗಳ ನಡುವೆ ನಮಗೆ ಸ್ವಲ್ಪ ಲೆಕ್ಕ ಬೇಕು. ಕನಿಷ್ಠ ಆರು ತಿಂಗಳ ಮನೆಖರ್ಚು ಕೈಯಲ್ಲಿರುವುದು ಒಳ್ಳೆಯದು. ಸಂಬಳದ ಚೀಟಿಗಳು, ನೇಮಕಾತಿ ಪತ್ರ, ಮೆಚ್ಚುಗೆಯ ಮೇಲ್‌ಗಳ ಪ್ರತಿ ಮೊದಲೇ ತೆಗೆದಿಡಿ. ಪಿಎಫ್‌ನ ಯುಎಎನ್ ನಿಮ್ಮ ಸ್ವಂತ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದೆಯೇ ನೋಡಿ. ರಾಜೀನಾಮೆ ಪತ್ರ ನಾಲ್ಕು ಸಾಲಿನದಿರಲಿ, ಅದರಲ್ಲಿ ಕಾರಣ ಬೇಡ. ಬಾಕಿ ವೇತನವನ್ನು ರಾಜೀನಾಮೆ ಜಾರಿಯಾದ ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದು 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಹೇಳುತ್ತದೆ. "ಫುಲ್ ಅಂಡ್ ಫೈನಲ್ ಮೂರು ತಿಂಗಳಾಗುತ್ತೆ" ಎಂದರೆ ಇದನ್ನು ಮೇಲ್‌ನಲ್ಲಿ ನೆನಪಿಸಿ.

ಸ್ವತಂತ್ರವಾಗಿ ಕೆಲಸ ಮಾಡುವವರು ಕೊಟೇಶನ್‌ನಲ್ಲೇ ಎರಡು ಸುತ್ತಿನ ತಿದ್ದುಪಡಿ ಸೇರಿದೆ, ಮೂರನೆಯದಕ್ಕೆ ಇಷ್ಟು ಎಂದು ಬರೆಯಿರಿ, ಅರ್ಧ ಹಣ ಮುಂಗಡ ಕೇಳಿ. ಉದ್ಯಮ್ ಪೋರ್ಟಲಿನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡರೆ 2006ರ ಎಂಎಸ್ಎಂಇ ಕಾಯ್ದೆಯ ರಕ್ಷಣೆ ಸಿಗುತ್ತದೆ. ಒಪ್ಪಂದ ಏನೇ ಇರಲಿ 45 ದಿನಗಳೊಳಗೆ ಹಣ ಬರಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೃತಿಸ್ವಾಮ್ಯದಲ್ಲಿ ಒಂದು ಎಚ್ಚರಿಕೆ: ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಚಿತ್ರ, ಮಾಡಿಸಿದ ಚಲನಚಿತ್ರಕ್ಕೆ ಮೊದಲ ಒಡೆಯರು ಮಾಡಿಸಿದವರೇ, ಬೇರೆ ಮಾತು ಬರೆದುಕೊಳ್ಳದಿದ್ದರೆ. ಬರಹ ಹಾಗಲ್ಲ, ನೀವು ಲಿಖಿತವಾಗಿ ಬಿಟ್ಟುಕೊಡುವ ತನಕ ಅದು ನಿಮ್ಮದು. ಬಿಟ್ಟುಕೊಟ್ಟ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ.

ಇನ್ನೊಂದು ಏಜೆನ್ಸಿ ಸೇರುವವರು ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ಬ್ರೀಫ್ ಬರಹದಲ್ಲಿ ಬರುತ್ತದೆಯೇ? ನನ್ನ ಜಾಗದಲ್ಲಿ ಮೊದಲಿದ್ದವರು ಏಕೆ ಬಿಟ್ಟರು? ಕಳೆದ ತಿಂಗಳು ತಂಡ ಎಷ್ಟು ಭಾನುವಾರ ಕೆಲಸ ಮಾಡಿತು? ಕನ್ನಡದ ಸಾಲನ್ನು ಒಪ್ಪುವವರು ಯಾರು, ಅವರಿಗೆ ಕನ್ನಡ ಓದಲು ಬರುತ್ತದೆಯೇ? ಮುಗಿಸುವ ಮೊದಲು, ಪಕ್ಕದ ಕುರ್ಚಿಯಲ್ಲಿ ಕೂರಲಿರುವ ಸಹೋದ್ಯೋಗಿಯ ಜೊತೆ ಹತ್ತು ನಿಮಿಷ, ಬಾಸ್ ಇಲ್ಲದೆ, ಮಾತಾಡಲು ಅವಕಾಶ ಕೇಳಿ. ಅದಕ್ಕೆ ಅವಕಾಶ ಕೊಡದ ಕಡೆ ಸೇರಬೇಡಿ.